ಕಡಲಿಲ್ಲದ ಊರಿನವರು ಕಡಲಂಚಿನ ಹಕ್ಕಿ ನೋಡುವ ಬಗೆ

(ವಿರಾಜಪೇಟೆಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವಿಲ್ಲದೆ ಮಾತು ಕುಂಟುವ ಕಡೆ ಒಂದೆರಡು ಸಾಲು ಸೇರಿಸಿದ್ದೇನೆ.)

ನಮಸ್ಕಾರ. ಒಳಗೆ ಬರುವಾಗ ಬಾಗಿಲಲ್ಲಿ ಹಿರಿಯರೊಬ್ಬರು ತಡೆದು ಕೇಳಿದರು: "ಕೊಡಗಿನಲ್ಲಿ ಕಡಲು ಎಲ್ಲಿದೆ ಮಾರಾಯ? ಆನೆ ಬಗ್ಗೆ ಮಾತಾಡಬಹುದಿತ್ತಲ್ಲ?" ಆನೆಯ ಬಗ್ಗೆ ಮಾತಾಡುವವರು ನಮ್ಮಲ್ಲಿ ಮನೆಗಿಬ್ಬರು ಇದ್ದಾರೆ. ರಾತ್ರಿ ತೋಟದ ಬೇಲಿ ಮುರಿದರೆ ಬೆಳಗ್ಗೆ ಎಲ್ಲರೂ ತಜ್ಞರೇ. ನಾನು ಇವತ್ತು ಮಾತಾಡುವುದು ಐವತ್ತು ಅರವತ್ತು ಗ್ರಾಂ ತೂಗುವ ಜೀವದ ಬಗ್ಗೆ. ಅದು ಬೇಲಿ ಮುರಿಯುವುದಿಲ್ಲ, ಹಲಸಿನ ಹಣ್ಣಿಗೆ ಬರುವುದಿಲ್ಲ. ಹಾಗಾಗಿ ಅದು ಬಂದದ್ದೂ ಹೋದದ್ದೂ ನಮಗೆ ಗೊತ್ತಾಗುವುದಿಲ್ಲ.

ಕಡಲು ಎಲ್ಲಿದೆ ಎಂದು ಕೇಳಿದಿರಿ. ಬ್ರಹ್ಮಗಿರಿಯ ಬೆನ್ನ ಮೇಲೆ ಬಿದ್ದ ಮಳೆಯನ್ನು ಕೇಳಿ. ಒಂದು ಪಾಲು ಈಚೆ ಇಳಿದು ಲಕ್ಷ್ಮಣತೀರ್ಥವಾಗಿ ಕಾವೇರಿ ಸೇರುತ್ತದೆ. ಇನ್ನೊಂದು ಪಾಲು ಆಚೆ ಧುಮುಕಿ ಬರಪೊಳೆಯಾಗಿ, ಕೇರಳದಲ್ಲಿ ವಳಪಟ್ಟಣಂ ಹೊಳೆಗೆ ಸೇರಿ, ಕಣ್ಣೂರಿನ ಬಳಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಪಯಸ್ವಿನಿ ಕಾಸರಗೋಡಿಗೆ ಹೋಗುತ್ತದೆ. ಪುಷ್ಪಗಿರಿಯ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ ಮಂಗಳೂರಿಗೆ. ಕಾವೇರಿ ಸುಮಾರು 800 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಗೆ. ನಮ್ಮ ಮಾಡಿನ ಎರಡು ಇಳಿಜಾರಿನ ನೀರು ಎರಡು ಸಮುದ್ರಕ್ಕೆ ಹೋಗುತ್ತದೆ. ಹಾಗಿರುವಾಗ ನಮ್ಮನ್ನು ಕಡಲಿಲ್ಲದವರು ಎನ್ನುವುದು ಅರ್ಧ ಸತ್ಯ.

ಇನ್ನು ರಸ್ತೆಯ ಲೆಕ್ಕ. ಇಲ್ಲಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಘಾಟಿ ಇಳಿದು ಇರಿಟ್ಟಿ ಹಾದರೆ, ಎರಡೂವರೆ ಮೂರು ಗಂಟೆಯಲ್ಲಿ ಕಣ್ಣೂರಿನ ಮರಳು. ಅಲ್ಲಿಗೆ ನೀವೆಲ್ಲ ಹೋಗಿದ್ದೀರಿ, ನನಗೆ ಗೊತ್ತು. ಯಾಕೆ ಹೋದಿರಿ ಎಂಬುದೂ ಗೊತ್ತು. ಮುಳಪ್ಪಿಲಂಗಾಡ್‌ನಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ ಮರಳು ಗಟ್ಟಿಯಾಗಿದೆ, ಜೀಪು ಓಡಿಸಬಹುದು. ಕೊಡಗಿನವನ ಕೈಗೆ ಜೀಪು, ಕಣ್ಣೆದುರು ಖಾಲಿ ಮರಳು. ಮಿಕ್ಕದ್ದು ಹೇಳಬೇಕಾಗಿಲ್ಲ. ನಾನೂ ಓಡಿಸಿದವನೇ.

ಅಲ್ಲಿಯೇ ನನ್ನ ಮೊದಲ ಪಾಠ ಆದದ್ದು. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಮೆಣಸು ಮಾರಿದ ದುಡ್ಡಿನಲ್ಲಿ ಹೊಸ ಲೆನ್ಸ್ ತಂದಿದ್ದೆ. ಡಿಸೆಂಬರ್ ತಿಂಗಳು, ಒದ್ದೆ ಮರಳಿನ ಮೇಲೆ ನೂರಿನ್ನೂರು ಸಣ್ಣ ಬೂದು ಹಕ್ಕಿಗಳು. ಜೀಪಿನಿಂದ ಹಾರಿ ನೇರ ಅವುಗಳತ್ತ ನಡೆದೆ. ಹಾರಿದವು. ನೂರು ಮಾರು ಆಚೆ ಇಳಿದವು. ನಾನೂ ಹಿಂದೆ ಹೋದೆ. ಮತ್ತೆ ಹಾರಿದವು. ಹೀಗೆ ಐದಾರು ಸಲ. ಕಾರ್ಡಿನಲ್ಲಿ ಮುನ್ನೂರು ಚಿತ್ರ, ಎಲ್ಲವೂ ಹಿಂಭಾಗ. ಸಾಕಾಗಿ ಕ್ಯಾಮೆರಾವನ್ನು ಜೀಪಿನಲ್ಲಿ ಎಸೆದು, ಟವೆಲ್ ಹಾಸಿ, ಮುಖಕ್ಕೆ ಟೋಪಿ ಮುಚ್ಚಿ ಮಲಗಿಬಿಟ್ಟೆ. ನಿದ್ದೆ ಬಂತು. ಎಷ್ಟು ಹೊತ್ತಿನ ಮೇಲೋ ಕಿವಿಯ ಪಕ್ಕದಲ್ಲೇ ಮೆತ್ತಗೆ "ಟ್ರಿಪ್, ಟ್ರಿಪ್" ಅಂತ ಸದ್ದು. ಟೋಪಿ ಒಂದಿಂಚು ಸರಿಸಿ ನೋಡಿದರೆ, ನೀರು ನನ್ನ ಕಾಲಿನಿಂದ ಹತ್ತು ಹೆಜ್ಜೆಗೆ ಬಂದಿದೆ, ಹಕ್ಕಿಗಳು ನನ್ನ ಎರಡೂ ಪಕ್ಕ ಮೇಯುತ್ತಿವೆ. ಒಂದಂತೂ ನನ್ನ ಚಪ್ಪಲಿಯ ಹತ್ತಿರ ನಿಂತು ಹುಳು ಎಳೆಯುತ್ತಿದೆ. ಕ್ಯಾಮೆರಾ ಜೀಪಿನಲ್ಲಿ!

ಆ ದಿನ ಒಂದೂ ಚಿತ್ರ ಸಿಗಲಿಲ್ಲ. ಆದರೆ ಇವತ್ತು ನಾನು ಹೇಳಬೇಕಾದದ್ದೆಲ್ಲ ಆ ಅರ್ಧ ಗಂಟೆಯಲ್ಲೇ ಸಿಕ್ಕಿತು. ನಾವು ಹಕ್ಕಿಯ ಹತ್ತಿರ ಹೋಗುವುದಲ್ಲ, ನೀರು ಅವನ್ನು ನಮ್ಮ ಹತ್ತಿರ ತಂದು ಬಿಡುತ್ತದೆ. ನೀರು ಯಾವಾಗ ಬರುತ್ತದೆ ಎಂದು ತಿಳಿದು, ಮೊದಲೇ ಹೋಗಿ, ಮಲಗಿರಬೇಕು. ಅಷ್ಟೇ.

ಹಾಗಾಗಿ ಮೊದಲು ನೀರಿನ ವಿಷಯ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತು ಬೆಳಗ್ಗೆ 8ಕ್ಕೆ ಉಬ್ಬರ ಇದ್ದರೆ ನಾಳೆ ಬೆಳಗ್ಗೆ 8-50ರ ಹತ್ತಿರ. ದಿನಕ್ಕೆ 50 ನಿಮಿಷ ತಡ, ಯಾಕೆಂದರೆ ಚಂದ್ರ ಹುಟ್ಟುವುದೂ ದಿನಕ್ಕೆ ಅಷ್ಟೇ ತಡವಾಗಿ. ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಸೂರ್ಯ ಚಂದ್ರ ಒಂದೇ ಸಾಲಿಗೆ ಬಂದು ಎಳೆಯುವುದರಿಂದ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸಪ್ಪೆ. ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಉಬ್ಬರ ಇಳಿತದ ಪಟ್ಟಿ ಪ್ರಕಟಿಸುತ್ತದೆ, ಫೋನಿನಲ್ಲೂ ಸಿಗುತ್ತದೆ. ನನಗೆ ಮಾತ್ರ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಸಾಕು. ಒಂದು ಊರಿನ ದಂಡೆಯಲ್ಲಿ ಒಂದೇ ತಿಥಿಗೆ ಉಬ್ಬರ ಹೆಚ್ಚುಕಡಿಮೆ ಅದೇ ಗಂಟೆಗೆ ಬರುತ್ತದೆ. ಒಂದು ಹುಣ್ಣಿಮೆಗೆ ಹೋಗಿ ಗಂಟೆ ಬರೆದಿಟ್ಟುಕೊಂಡರೆ ಮುಂದಿನ ಹುಣ್ಣಿಮೆಗಳಿಗೆ ಅದೇ ಆಧಾರ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಬರುವುದೂ ಹುಣ್ಣಿಮೆಯ ಆಸುಪಾಸಿನಲ್ಲೇ ಅಲ್ಲವೇ? ನಾವು ಇಲ್ಲಿ ಗದ್ದೆಗೆ ಇಳಿದು "ಪೊಲಿ ಪೊಲಿ ದೇವಾ" ಅಂತ ಕದಿರು ತೆಗೆಯುವ ಹೊತ್ತಿನಲ್ಲಿ ಘಾಟಿಯ ಕೆಳಗೆ ಕಡಲು ತುಂಬಿ ನಿಂತಿರುತ್ತದೆ. ಆಗ ಹಕ್ಕಿಗಳೆಲ್ಲ ಉಳಿದಿರುವ ಅಂಗೈಯಗಲದ ಒಣ ಮರಳಿನ ಮೇಲೆ ಒಂದೇ ಕಾಲಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ.

ಚಿತ್ರಕ್ಕೆ ಒಳ್ಳೆಯ ಹೊತ್ತು ತುಂಬು ಉಬ್ಬರವಲ್ಲ, ಅದಕ್ಕೆ ಮುಂಚಿನ ಎರಡು ಗಂಟೆ. ನೀರು ಇಳಿದಿರುವಾಗ ಹಕ್ಕಿಗಳು ಕಣ್ಣಳತೆಯಾಚೆ ಹರಡಿ ಮೇಯುತ್ತವೆ. ನೀರು ಏರುತ್ತಾ ಬಂದ ಹಾಗೆ ಮೇಯುವ ಜಾಗ ಕಿರಿದಾಗಿ ಅವು ದಂಡೆಯ ಕಡೆಗೆ ಸರಿಯುತ್ತವೆ. ಆ ಗೆರೆಯ ಮೇಲ್ಭಾಗದಲ್ಲಿ ಮೊದಲೇ ಹೊಟ್ಟೆ ಊರಿ ಮಲಗಿದ್ದರೆ ನಿಮ್ಮನ್ನು ಒಂದು ಮರದ ತುಂಡು ಅಂದುಕೊಳ್ಳುತ್ತವೆ. ನನ್ನ ಮೈಕಟ್ಟಿಗೆ ಅದು ಸುಲಭ.

ಈಗ ಹಕ್ಕಿಗಳು. ಹೆಸರಿಗೆ ಹೆದರಬೇಡಿ. ಕನ್ನಡದಲ್ಲಿ ಈ ಗುಂಪಿನ ಬಹಳಷ್ಟನ್ನು ಗೊರವ ಎನ್ನುತ್ತೇವೆ, ಮೈಲಾರದ ಗೊರವರಂತೆ ಅಲೆಯುವ ಜಾತಿಯೇ. ಮೊದಲ ದಿನ ಎಲ್ಲವೂ ಒಂದೇ ಥರ ಬೂದು, ಒಂದೇ ಥರ ಕಂದು. ಚಳಿಗಾಲದಲ್ಲಿ ಅವು ಮದುವೆಯ ಬಟ್ಟೆ ಕಳಚಿಟ್ಟು ಬರುವುದರಿಂದ ಬಣ್ಣ ನೋಡಿ ಗುರುತಿಸುವ ಆಸೆ ಬಿಡಿ. ನಡೆ ನೋಡಿ. ಓಡಿ, ಗಕ್ಕನೆ ನಿಂತು, ನೋಡಿ, ಕುಕ್ಕಿದರೆ ಅದು ಪ್ಲವರ್. ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ಕಂಡದ್ದನ್ನು ಮಾತ್ರ ತಿನ್ನುವ ಕಟ್ಟುನಿಟ್ಟು. ತಲೆ ತಗ್ಗಿಸಿ ಹೊಲಿಗೆ ಯಂತ್ರದ ಹಾಗೆ ಚುಚ್ಚುತ್ತಾ ಹೋದರೆ ಸ್ಯಾಂಡ್‌ಪೈಪರ್ ಬಳಗ. ಅವಕ್ಕೆ ಕಣ್ಣಿಗಿಂತ ಕೊಕ್ಕಿನ ತುದಿಯೇ ಮುಖ್ಯ. ಅಲ್ಲಿ ನರಗಳ ತುದಿಗಳು ಒತ್ತಾಗಿವೆ, ಮರಳಿನೊಳಗೆ ಹುಳು ಮಿಸುಕಿದ್ದು ತಿಳಿಯುತ್ತದೆ. ಕೆಲವಕ್ಕೆ ಇಡೀ ಕೊಕ್ಕು ಮರಳಲ್ಲಿ ಹೂತಿರುವಾಗಲೇ ತುದಿಯನ್ನು ಮಾತ್ರ ತೆರೆಯುವ ಶಕ್ತಿಯೂ ಇದೆ. ಇಕ್ಕಳದ ಹಾಗೆ.

ಅಲೆ ಹಿಂದಕ್ಕೆ ಹೋದಾಗ ಅದರ ಬೆನ್ನಟ್ಟಿ, ಅಲೆ ಬಂದಾಗ ಕಾಲು ಕಿತ್ತು ಓಡುವ ಬಿಳಿ ಬಿಳಿ ಹಕ್ಕಿ ಸ್ಯಾಂಡರ್ಲಿಂಗ್. ಶಾಲೆ ಬಿಟ್ಟ ಮಕ್ಕಳ ಹಾಗೆ. ಅದಕ್ಕೆ ಹಿಂಬೆರಳೇ ಇಲ್ಲ, ಆ ಬಳಗದಲ್ಲಿ ಅದೊಂದು ವಿಶೇಷ, ಓಟಕ್ಕೆ ಹೇಳಿಮಾಡಿಸಿದ ಪಾದ. ಕಲ್ಲಿನ ಸಂದಿಯಲ್ಲಿ ಚಿಪ್ಪು, ಪಾಚಿ ಮಗುಚಿ ಹಾಕುತ್ತಾ ಹೋಗುವುದು ಟರ್ನ್‌ಸ್ಟೋನ್. ಕುಡುಗೋಲಿನಂತೆ ಬಾಗಿದ ಉದ್ದ ಕೊಕ್ಕಿನ ದೊಡ್ಡವು ಕರ್ಲ್ಯೂ ಮತ್ತು ಅದರ ತಮ್ಮ ವಿಂಬ್ರೆಲ್. ತಮ್ಮನ ನೆತ್ತಿಯ ಮೇಲೆ ಪಟ್ಟೆ ಇರುತ್ತದೆ. ಹಾರುವಾಗ ಏಳು ಸಲ ಒಂದೇ ಸಮ ಶಿಳ್ಳೆ ಹಾಕಿದರೆ ಅದು ವಿಂಬ್ರೆಲ್, ತಿರುಗಿ ನೋಡಬೇಕಾಗಿಯೂ ಇಲ್ಲ.

ನನ್ನ ಚಪ್ಪಲಿ ಪಕ್ಕ ಹುಳು ಎಳೆದದ್ದು ಸ್ಯಾಂಡ್ ಪ್ಲವರ್. ಹಿಂದೆ ಇದನ್ನು ಲೆಸ್ಸರ್ ಸ್ಯಾಂಡ್ ಪ್ಲವರ್ ಎನ್ನುತ್ತಿದ್ದರು. ಈಚೆಗೆ ಎರಡು ಪ್ರಭೇದ ಮಾಡಿ, ನಮ್ಮ ಪಶ್ಚಿಮ ಕರಾವಳಿಗೆ ಬರುವುದನ್ನು ಟಿಬೆಟನ್ ಸ್ಯಾಂಡ್ ಪ್ಲವರ್ ಎಂದು ಕರೆಯುತ್ತಿದ್ದಾರೆ. ಇದು ಮರಿ ಮಾಡುವುದು ಟಿಬೆಟ್ ಪ್ರಸ್ಥಭೂಮಿಯಲ್ಲಿ, ನಮ್ಮ ಲಡಾಖ್‌ನಲ್ಲಿ. ಸಭೆಯಲ್ಲಿ ಲೇಹ್, ಚುಶೂಲ್ ಕಡೆ ಡ್ಯೂಟಿ ಮಾಡಿ ಬಂದವರು ನಾಲ್ಕಾರು ಮಂದಿಯಾದರೂ ಇದ್ದೀರಿ. ಬೇಸಿಗೆಯಲ್ಲಿ ಅಲ್ಲಿನ ಕೆರೆಗಳ ಅಂಚಿನಲ್ಲಿ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ ಎದೆಗೆ ಇಟ್ಟಿಗೆ ಬಣ್ಣ ಬಳಿದುಕೊಂಡ ಒಂದು ಸಣ್ಣ ಹಕ್ಕಿ ನಿಮ್ಮ ಬೂಟಿನ ಮುಂದೆ ಓಡಿದ್ದು ನೆನಪಿದೆಯೇ? ಅದೇ ಜಾತಿ. ನೀವು ರಜೆಯ ಮೇಲೆ ಊರಿಗೆ ಬಂದ ಹಾಗೆ ಅದೂ ಹಿಮ ಬೀಳುವ ಮುಂಚೆ ಕೆಳಗಿಳಿದು ಬರುತ್ತದೆ. ಸೈನ್ಯ ಕೊಡುವ ರೈಲು ವಾರಂಟ್ ಇಲ್ಲ, ರಿಸರ್ವೇಶನ್ ಇಲ್ಲ.

ದೂರದ ಲೆಕ್ಕ ಬಂದದ್ದರಿಂದ ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಪಟ್ಟೆಬಾಲದ ಗಾಡ್‌ವಿಟ್ ಎಂಬ ಹಕ್ಕಿ ನಮ್ಮ ಕರಾವಳಿಗೂ ಬರುತ್ತದೆ. ಅದರ ಅಲಾಸ್ಕಾ ಬಳಗದ ಒಂದು ಮರಿ, ಹುಟ್ಟಿ ಐದು ತಿಂಗಳಾಗಿತ್ತು ಅಷ್ಟೇ, 2022ರ ಅಕ್ಟೋಬರ್‌ನಲ್ಲಿ ಅಲಾಸ್ಕಾದಿಂದ ಹೊರಟು ಎಲ್ಲೂ ಇಳಿಯದೆ 11 ದಿನ ಹಾರಿ ಟ್ಯಾಸ್ಮೇನಿಯಾಗೆ ಇಳಿಯಿತು. ಸುಮಾರು 13,560 ಕಿಲೋಮೀಟರ್. ಬೆನ್ನಿಗೆ ಕಟ್ಟಿದ ಉಪಗ್ರಹ ಟ್ಯಾಗ್ ಹೇಳಿದ ಲೆಕ್ಕ ಇದು. ಹೊರಡುವ ಮುಂಚೆ ಅದರ ಮೈತೂಕದಲ್ಲಿ ಅರ್ಧದಷ್ಟು ಕೊಬ್ಬೇ ಇರುತ್ತದೆ. ಹಾರುವಾಗ ಬೇಡದ ಹೊಟ್ಟೆ, ಕರುಳು ಕುಗ್ಗಿಸಿಕೊಳ್ಳುತ್ತದೆ. ಲಗೇಜ್ ಇಳಿಸಿ ಪೆಟ್ರೋಲ್ ತುಂಬಿಸಿದ ಹಾಗೆ.

ಈ ಕೊಬ್ಬಿನ ಲೆಕ್ಕ ತಿಳಿದ ಮೇಲೆ ನನಗೆ ಆ ಮೊದಲ ದಿನದ ಐದಾರು ಓಟ ನೆನಪಾಗಿ ಮೈ ಹಿಂಡಿದಂತಾಯಿತು. ಮೇಯಲು ಸಿಗುವುದೇ ನೀರು ಇಳಿದಿರುವ ಕೆಲವು ಗಂಟೆ. ಅದರಲ್ಲಿ ನಾನು ಎಬ್ಬಿಸಿದ್ದು ಆರು ಸಲ. ನನ್ನ ನಂತರ ಒಂದು ಜೀಪು, ಅದರ ನಂತರ ನಾಯಿ, ಆಮೇಲೆ ರೀಲ್ಸ್ ಮಾಡುವ ಹುಡುಗರು. ಒಂದೊಂದು ಹಾರಾಟಕ್ಕೂ ಮಾರ್ಚ್–ಏಪ್ರಿಲ್‌ನಲ್ಲಿ ಹಿಮಾಲಯ ದಾಟಲು ಕೂಡಿಟ್ಟ ಗಂಟು ಕರಗುತ್ತದೆ. ಉಬ್ಬರದಲ್ಲಿ ಒಂಟಿ ಕಾಲಲ್ಲಿ ಕೊಕ್ಕು ಬೆನ್ನಿಗೆ ಸೇರಿಸಿ ನಿಂತ ಗುಂಪನ್ನು ಎಬ್ಬಿಸಿ "ಫ್ಲೈಟ್ ಶಾಟ್" ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಲಗಿದವರ ಕಂಬಳಿ ಎಳೆದು, ಎದ್ದ ಮುಖದ ಫೋಟೊ ತೆಗೆದ ಹಾಗೆ ಅದು.

ಕ್ಯಾಮೆರಾದ ಮಾತು ಕೇಳಲು ಬಂದ ಹುಡುಗರು ಹಿಂದೆ ಕೂತು ಚಡಪಡಿಸುತ್ತಿದ್ದಾರೆ, ಅದಕ್ಕೆ ಬರುತ್ತೇನೆ.

ಮೊದಲು ಬೆಳಕು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ಸೂರ್ಯ ನೆಲದ ಕಡೆಯಿಂದ, ತೆಂಗಿನ ತೋಪಿನ ಮೇಲಿಂದ ಬರುತ್ತಾನೆ. ನೀವು ನೆಲಕ್ಕೆ ಬೆನ್ನು ಹಾಕಿ ಕಡಲಿಗೆ ಮುಖ ಮಾಡಿ ಮಲಗಿದರೆ ಬೆಳಕು ನಿಮ್ಮ ಹೆಗಲ ಮೇಲಿಂದ ನೇರ ಹಕ್ಕಿಯ ಕಣ್ಣಿಗೆ. ಅಂದರೆ ಕೂಡಿಬರಬೇಕಾದದ್ದು ಎರಡು: ಬೆಳಗ್ಗೆ ಏಳರಿಂದ ಒಂಬತ್ತರ ಬೆಳಕು, ಅದೇ ಹೊತ್ತಿಗೆ ಏರುತ್ತಿರುವ ನೀರು. ಇವೆರಡೂ ಜೊತೆಗೆ ಬರುವುದು ತಿಂಗಳಲ್ಲಿ ಕೆಲವೇ ದಿನ. ಆ ದಿನ ಹುಡುಕಿ ಹೊರಡಿ, ಭಾನುವಾರ ಹುಡುಕಿ ಅಲ್ಲ. ಸಂಜೆ ಹೋದರೆ ಸೂರ್ಯ ಹಕ್ಕಿಯ ಹಿಂದೆ. ಆಗ ಕಪ್ಪು ಆಕೃತಿ, ಹೊಳೆಯುವ ನೀರು, ಅದಕ್ಕೂ ಒಂದು ಚಂದ ಇದೆ. ಆದರೆ ವಾರಕ್ಕೊಂದು ಅಂಥ ಚಿತ್ರ ನೋಡಿದರೆ ನನಗಂತೂ ಬೇಸರ.

ಎರಡನೆಯದು ಎತ್ತರ. ನಿಂತು ತೆಗೆದ ಚಿತ್ರದಲ್ಲಿ ಹಕ್ಕಿಯ ಹಿಂದೆ ಬರೀ ಮರಳು, ಹಕ್ಕಿ ಮರಳಿಗೆ ಅಂಟಿದ ಸ್ಟಿಕ್ಕರ್. ಲೆನ್ಸ್ ನೆಲದಿಂದ ಒಂದು ಗೇಣಿಗೆ ಇಳಿಯಿತೋ, ಹಿಂದಿನ ಮರಳು ಮಾಯವಾಗಿ ದೂರದ ಕಡಲು ಹಾಲಿನ ಕೆನೆಯಾಗುತ್ತದೆ. ಹಕ್ಕಿ ನಿಮ್ಮ ಕಣ್ಣಿಗೆ ಕಣ್ಣು ಕೊಡುತ್ತದೆ. ಇದಕ್ಕೆ ಟ್ರೈಪಾಡ್ ಬೇಡ, ಮರಳು ಅದರ ಸಂದಿಗೆ ಹೋದರೆ ಮನೆಗೆ ಬಂದ ಮೇಲೂ ಕರಕರ. ನನ್ನ ಸಲಕರಣೆ ಇದು. (ಇಲ್ಲಿ ಚೀಲದಿಂದ ಒಂದು ಹಳೆಯ ಕಬ್ಬಿಣದ ತವ ತೆಗೆದು ತೋರಿಸಿದೆ.) ನಗಬೇಡಿ. ಇದರ ಮೇಲೆ ಚೀಲ, ಚೀಲದ ಮೇಲೆ ಲೆನ್ಸ್. ತವದ ಅಂಚು ಎತ್ತರ ಇರುವುದರಿಂದ ಮರಳು ಒಳಗೆ ಬರುವುದಿಲ್ಲ, ತಳ ನುಣುಪಾದ್ದರಿಂದ ತೆವಳುವಾಗ ಮುಂದಕ್ಕೆ ತಳ್ಳಿಕೊಂಡು ಹೋಗಬಹುದು. ಚೀಲ ಎಂದರೆ ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದದ್ದು, ಒಳಗೆ ಪಾರ್ಚ್‌ಮೆಂಟ್ ಕಾಫಿ, ಅಂದರೆ ಹೊಟ್ಟು ತೆಗೆಯದೆ ಒಣಗಿಸಿದ ಬೀಜ. ಈಗಿನ ಬೆಲೆಗೆ ಲೆನ್ಸ್‌ಗಿಂತ ಚೀಲವನ್ನೇ ಕಾಯಬೇಕಾಗಿದೆ.

ತೆವಳುವುದು ಹೇಗೆಂದು ಈ ಊರಿನಲ್ಲಿ ನಾನು ಹೇಳಿಕೊಡುವುದು ಅಧಿಕಪ್ರಸಂಗ, ಮನೆಗೊಬ್ಬ ಫೌಜಿ ಇದ್ದೀರಿ. ಒಂದೇ ವ್ಯತ್ಯಾಸ. ಗುರಿಯತ್ತ ನೇರ ಹೋಗಬೇಡಿ, ಓರೆಯಾಗಿ ಹೋಗಿ, ಬೇರೆಲ್ಲೋ ಹೋಗುತ್ತಿರುವವರ ಹಾಗೆ. ಹಕ್ಕಿ ಮೇಯುವುದು ನಿಲ್ಲಿಸಿ ತಲೆಯೆತ್ತಿದರೆ ನೀವೂ ನಿಲ್ಲಿ. ತಲೆಯನ್ನು ಬಿಕ್ಕಳಿಸಿದ ಹಾಗೆ ಎತ್ತಿ ಇಳಿಸತೊಡಗಿದರೆ ಅದು ಕೊನೆಯ ಎಚ್ಚರಿಕೆ, ಒಂದು ಮಾರು ಹಿಂದೆ ಸರಿಯಿರಿ. ಬಹಳ ಮಂದಿ ಮಾಡುವ ತಪ್ಪು ಕೊನೆಯಲ್ಲಿ. ಚಿತ್ರ ಸಿಕ್ಕಿತು ಎಂದು ದಡಕ್ಕನೆ ಎದ್ದು ನಿಲ್ಲುತ್ತಾರೆ, ಇಡೀ ಗುಂಪು ಹಾರುತ್ತದೆ. ತೆವಳಿ ಹೋದವರು ತೆವಳಿಯೇ ವಾಪಸು ಬರಬೇಕು. ಮೊಣಕೈ ಉರಿಯುತ್ತದೆ, ಗೊತ್ತು.

ಸೆಟ್ಟಿಂಗ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓಡುವ ಹಕ್ಕಿಗೆ ಶಟರ್ 1/1000ಕ್ಕಿಂತ ಕೆಳಗೆ ಬೇಡ, ಹಾರುವುದಕ್ಕೆ 1/2000. ಹೊಳೆಯುವ ಮರಳು ಕ್ಯಾಮೆರಾದ ಬೆಳಕಳೆಯುವ ಮೀಟರ್‌ಗೆ ಮೋಸ ಮಾಡಿ ಹಕ್ಕಿಯನ್ನು ಕಪ್ಪಾಗಿಸುತ್ತದೆ, ಸ್ವಲ್ಪ ಹೆಚ್ಚು ಬೆಳಕು ಕೊಡಿ. ಆದರೆ ಸ್ಯಾಂಡರ್ಲಿಂಗ್‌ನಂತಹ ಬಿಳಿ ಹಕ್ಕಿ ಬಂದಾಗ ಅದೇ ಹೆಚ್ಚುವರಿ ಬೆಳಕು ಅದರ ಹೊಟ್ಟೆಯ ಗರಿಗಳನ್ನು ಸುಣ್ಣ ಬಳಿದ ಗೋಡೆ ಮಾಡಿಬಿಡುತ್ತದೆ, ಕೂಡಲೇ ಇಳಿಸಿ. ಉಪ್ಪಿನ ಹನಿಯನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಕಡಲಿನಿಂದ ಬಂದ ಮೇಲೆ ನಮ್ಮ ನಿಜವಾದ ಶತ್ರು ಮನೆಯಲ್ಲೇ ಇದ್ದಾನೆ: ಬೂಷ್ಟು. ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ದೇವರ ಪಟಕ್ಕೆ ಹಿಡಿಯುವ ಹಾಗೆ ಲೆನ್ಸ್‌ಗೂ ಹಿಡಿಯುತ್ತದೆ. ನನ್ನ ಮೊದಲ ಲೆನ್ಸ್ ಹಾಗೆಯೇ ಹೋಯಿತು, ಗಾಜಿನೊಳಗೆ ಜೇಡನ ಬಲೆಯಂತೆ ಹಬ್ಬಿತ್ತು. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಆ ಜೆಲ್ ಅನ್ನು ಬಿಸಿಲಿಗೋ ಒಲೆಯ ಬಿಸಿಗೋ ಇಟ್ಟು ಒಣಗಿಸುವುದು. ಅಷ್ಟು ಸಾಕು.

ಈಗ ಘಾಟಿ ಹತ್ತಿ ವಾಪಸು ಬರೋಣ. ನಾನು ಕಡಲಿಗೆ ಓಡಿ ಓಡಿ ಕಲಿತ ಮೇಲೆ ಕಂಡ ವಿಷಯ ಏನೆಂದರೆ, ಅದೇ ಬಳಗ ನಮ್ಮ ಮನೆಯ ಕೆಳಗಿನ ಗದ್ದೆಯಲ್ಲೇ ಇತ್ತು. ನಾಟಿ ಮುಗಿದು ಕೈಲ್‌ಪೊಳ್ದ್ ಹಬ್ಬ ಬರುವ ಹೊತ್ತಿಗೆ ಮೊದಲ ಗೊರವ ಇಳಿದಿರುತ್ತದೆ. ತೋಡಿನ ಕಲ್ಲಿನ ಮೇಲೆ ನಿಂತು ಹಿಂಭಾಗ ಕುಣಿಸುತ್ತಾ ಇರುವುದು ಕಾಮನ್ ಸ್ಯಾಂಡ್‌ಪೈಪರ್. ಅದರ ಹೆಗಲ ಹತ್ತಿರ ಎದೆಯ ಬಿಳುಪು ಒಂದು ಬೆಣೆಯಂತೆ ಮೇಲೆ ಹತ್ತಿರುತ್ತದೆ. ಗದ್ದೆಯ ಮೂಲೆಯಿಂದ ಚೀರಿಕೊಂಡು ನೇರ ಮೇಲೆ ಏಳುವ, ಬೆನ್ನು ಕಪ್ಪು, ಬಾಲದ ಬುಡ ಅಚ್ಚ ಬಿಳಿ ಇರುವುದು ಗ್ರೀನ್ ಸ್ಯಾಂಡ್‌ಪೈಪರ್. ಕುಯಿಲಾದ ಗದ್ದೆಯ ನೀರಿನಲ್ಲಿ ನಾಲ್ಕಾರು ಜೊತೆಗಿದ್ದು, ಮೈತುಂಬ ಚುಕ್ಕೆ, ಹಳದಿ ಛಾಯೆಯ ಕಾಲು ಇದ್ದರೆ ವುಡ್ ಸ್ಯಾಂಡ್‌ಪೈಪರ್. ಹಾರಂಗಿಯ ಹಿನ್ನೀರು ಬೇಸಿಗೆಗೆ ಇಳಿದು ಕೆಸರು ಬಾಯ್ದೆರೆದಾಗ ಕಣ್ಣಿಗೆ ಹಳದಿ ಉಂಗುರ ತೊಟ್ಟ ಲಿಟಲ್ ರಿಂಗ್ಡ್ ಪ್ಲವರ್ ಹುಡುಕಿ. ಕಡಲಿನ ಪಾಠ ಇಲ್ಲೂ ನಡೆಯುತ್ತದೆ. ಇಲ್ಲಿನ ಉಬ್ಬರ ಇಳಿತ ಆರು ಗಂಟೆಯದಲ್ಲ, ಆರು ತಿಂಗಳದು.

ಹಿರಿಯರಿಗೆ ಇವುಗಳಲ್ಲಿ ಒಂದು ಚೆನ್ನಾಗಿ ಗೊತ್ತು. ಸ್ನೈಪ್. ಹೌದು, ನಗುತ್ತಿದ್ದೀರಿ! ಕುಯಿಲಾದ ಗದ್ದೆಯಲ್ಲಿ ಕಾಲಡಿಯಿಂದಲೇ ಬುಸ್ ಅಂತ ಎದ್ದು ಅಂಕುಡೊಂಕಾಗಿ ಹಾರುವ ಅದಕ್ಕೆ ಗುಂಡು ತಾಗಿಸುವವನೇ ಗುರಿಗಾರ ಎಂಬ ಕಾಲ ಇತ್ತು. ಸೈನ್ಯದಲ್ಲಿ ಸ್ನೈಪರ್ ಎನ್ನುತ್ತೀರಲ್ಲ, ಆ ಮಾತು ಬಂದದ್ದು ಈ ಹಕ್ಕಿಯಿಂದ. 1770ರ ದಶಕದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಊರಿಗೆ ಬರೆದ ಪತ್ರಗಳಲ್ಲಿ ಸ್ನೈಪ್ ಬೇಟೆಗೆ ಹೋಗುವುದನ್ನು ಆ ಕ್ರಿಯಾಪದದಲ್ಲಿ ಹೇಳುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಕೋವಿ ಗೋಡೆ ಸೇರಿತು. ನಮ್ಮ ಕಡೆ ಹೆಚ್ಚಾಗಿ ಬರುವುದು ಪಿನ್‌ಟೇಲ್ ಸ್ನೈಪ್. ಇದರ ಬಾಲದಲ್ಲಿ ಸುಮಾರು 26 ಗರಿ, ಅಂಚಿನವು ಗುಂಡುಸೂಜಿಯಷ್ಟು ಸಪೂರ. ಕಾಮನ್ ಸ್ನೈಪ್‌ಗೆ ಸಾಮಾನ್ಯವಾಗಿ 14. ಹಾರುವಾಗ ಎಣಿಸಲಾಗುವುದಿಲ್ಲ. ಆದರೆ ರೆಕ್ಕೆಯ ಹಿಂದಂಚಿನಲ್ಲಿ ಬಿಳಿ ಗೆರೆ ಎದ್ದು ಕಂಡರೆ ಕಾಮನ್, ಕಾಣದಿದ್ದರೆ ಪಿನ್‌ಟೇಲ್ ಎಂದು ಬರೆದುಕೊಳ್ಳಿ. ಇದರ ಕಾಡಿನ ಅಣ್ಣ ವುಡ್‌ಕಾಕ್ ಚಳಿಗಾಲಕ್ಕೆ ನಮ್ಮ ಬೆಟ್ಟಗಳಿಗೇ ಬರುತ್ತದೆ. ಕಣ್ಣು ತಲೆಯ ಎಷ್ಟು ಹಿಂದಕ್ಕಿದೆ ಎಂದರೆ ಬೆನ್ನ ಹಿಂದಿನದೂ ಕಾಣುತ್ತದೆ. ಮುಸ್ಸಂಜೆ ತೋಟದ ತೋಡಿನ ಹತ್ತಿರ ಬಾವಲಿಯೋ ಹಕ್ಕಿಯೋ ತಿಳಿಯದ ಹಾಗೆ ಏನಾದರೂ ಹಾದುಹೋದರೆ ಒಮ್ಮೆ ನಿಂತು ನೋಡಿ.

ಸ್ವಾತಂತ್ರ್ಯಕ್ಕೆ ಮುಂಚೆ ಇಲ್ಲಿ ಕಾಫಿ ಪ್ಲಾಂಟರ್ ಆಗಿದ್ದ ಎಫ್. ಎನ್. ಬೆಟ್ಸ್ ಕೊಡಗಿನ ಹಕ್ಕಿಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಬರೆದರು. ತೋಟದ ಕೆಲಸದ ನಡುವೆ, ನಡೆದು ನೋಡಿ ಮಾಡಿದ ಕೆಲಸ. ನಮ್ಮಲ್ಲಿ ಈಗ ಕ್ಯಾಮೆರಾ ಇದೆ, ಫೋನ್ ಇದೆ, ಕಂಡ ಹಕ್ಕಿಯನ್ನು ದಾಖಲಿಸುವ ಇ-ಬರ್ಡ್ ಜಾಲತಾಣ ಇದೆ. ಆದರೆ ಗದ್ದೆ? ಆಳು ಸಿಗದೆ ಪಾಳು ಬಿದ್ದದ್ದು, ಶುಂಠಿಗೆ ಕೊಟ್ಟದ್ದು, ಮಣ್ಣು ತುಂಬಿಸಿ ಹೋಂಸ್ಟೇ ಎಬ್ಬಿಸಿದ್ದು ನಿಮ್ಮ ಕಣ್ಣೆದುರಿಗೇ ಇದೆ. ನನ್ನದೇ ಮೂರು ಗದ್ದೆಯಲ್ಲಿ ಒಂದು ಈಗ ಹುಲ್ಲು. ನಾನು ಯಾರಿಗೂ ಬೆರಳು ತೋರಿಸುವ ಸ್ಥಿತಿಯಲ್ಲಿಲ್ಲ. ಆ ಹುಲ್ಲಿನಲ್ಲಿ ಸ್ನೈಪ್ ಎದ್ದು ನಾಲ್ಕು ವರ್ಷವಾಯಿತು ಎಂಬುದನ್ನು ಮಾತ್ರ ಹೇಳುತ್ತೇನೆ.

ಕಡಲಂಚಿನಲ್ಲೂ ಸುದ್ದಿ ಚೆನ್ನಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್, ಅಳಿವಿನ ಅಪಾಯ ಅಳೆಯುವ ತನ್ನ ಕೆಂಪು ಪಟ್ಟಿ ಪರಿಷ್ಕರಿಸಿದಾಗ ಗ್ರೇ ಪ್ಲವರ್ ಮತ್ತು ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳನ್ನು ಅಪಾಯದ ಅಂಚಿನ ಗುಂಪಿಗೆ ಸೇರಿಸಿತು. ಟರ್ನ್‌ಸ್ಟೋನ್ ಅದರ ಹೊಸ್ತಿಲಿಗೆ ಬಂದಿದೆ. ಇವು ಅಪರೂಪದವಲ್ಲ, ನಾನು ಈಗ ತೋರಿಸಿದ ಚಿತ್ರಗಳಲ್ಲಿ ಮೂರೂ ಇದ್ದವು. ಈ ಕೊನೆಯ ಚಿತ್ರ ನನ್ನದಲ್ಲ, ಹಾಗಾಗಿ ತೋರಿಸದೆ ಬರೀ ಹೇಳುತ್ತೇನೆ. ಸ್ಲೆಂಡರ್ ಬಿಲ್ಡ್ ಕರ್ಲ್ಯೂ ಎಂಬ ಹಕ್ಕಿ, ನಾವು ನೋಡುವ ಕರ್ಲ್ಯೂವಿನ ಸೋದರ ಸಂಬಂಧಿ. 1995ರ ಫೆಬ್ರವರಿಯಲ್ಲಿ ಮೊರಾಕೊದ ಕರಾವಳಿಯ ಜೌಗಿನಲ್ಲಿ ಒಬ್ಬರು ಅದರ ಚಿತ್ರ ತೆಗೆದರು. ಅಲ್ಲಿಂದ ಮುಂದೆ ಅದು ಅನುಮಾನಕ್ಕೆಡೆಯಿಲ್ಲದಂತೆ ಯಾರಿಗೂ ಕಾಣಲಿಲ್ಲ. 2025ರಲ್ಲಿ ಅಳಿದುಹೋಯಿತು ಎಂದು ಘೋಷಿಸಿದರು. ಕ್ಲಿಕ್ಕಿಸಿದವರಿಗೆ ಆ ಹೊತ್ತಿನಲ್ಲಿ ಅದು ಕೊನೆಯದೆಂದು ಹೇಗೆ ಗೊತ್ತಿರಬೇಕು?

ಗೂಡಿನ ಬಗ್ಗೆ ಒಂದು ಮಾತು. ಈ ಗೊರವ ಬಳಗದಲ್ಲಿ ಹೆಚ್ಚಿನವು ಗೂಡು ಕಟ್ಟುವುದಿಲ್ಲ. ನೆಲವನ್ನು ಅಂಗೈಯಷ್ಟು ಕೆರೆದು ಮೊಟ್ಟೆ ಇಡುತ್ತವೆ, ಮೊಟ್ಟೆ ಕಲ್ಲಿನ ಬಣ್ಣ. ನಮ್ಮ ಟಿಟ್ಟಿಭ ಬಯಲಿನಲ್ಲಿ, ಕೆಂಟಿಶ್ ಪ್ಲವರ್ ಕಡಲ ಮರಳಿನಲ್ಲಿ. ಪಂಚತಂತ್ರದಲ್ಲಿ ಹೆಣ್ಣು ಟಿಟ್ಟಿಭ ಕಡಲ ದಂಡೆ ಬೇಡ ಅನ್ನುತ್ತದೆ, ಗಂಡು ಕೊಚ್ಚಿಕೊಳ್ಳುತ್ತದೆ, ಕಡಲು ಮೊಟ್ಟೆ ಒಯ್ಯುತ್ತದೆ. ಕಥೆ ಕಟ್ಟಿದವನು ದಂಡೆಯಲ್ಲಿ ಕೂತು ನೋಡಿದವನೇ ಇರಬೇಕು. ಕಥೆಯಲ್ಲಿ ಕೊನೆಗೆ ವಿಷ್ಣುವೇ ಗದರಿಸಿ ಮೊಟ್ಟೆ ವಾಪಸು ಕೊಡಿಸುತ್ತಾನೆ. ಜೀಪಿನ ಚಕ್ರದಡಿ ಹೋದದ್ದನ್ನು ಕೊಡಿಸುವವರಿಲ್ಲ. ಹಕ್ಕಿ ರೆಕ್ಕೆ ಮುರಿದ ಹಾಗೆ ನಟಿಸುತ್ತಾ ನಿಮ್ಮ ಮುಂದೆ ಹೊರಳಾಡಿದರೆ ಅದು ಒಳ್ಳೆಯ ಚಿತ್ರವಲ್ಲ, ಮೊಟ್ಟೆ ನಿಮ್ಮ ಕಾಲ ಹತ್ತಿರ ಇದೆ ಎಂದರ್ಥ. ನೆಲ ನೋಡಿಕೊಂಡು ಬಂದ ಹೆಜ್ಜೆಯಲ್ಲೇ ಹಿಂದಿರುಗಿ.

(ನಂತರ ಪ್ರಶ್ನೆಗಳು. ಎಲ್ಲವನ್ನೂ ಬರೆದಿಲ್ಲ.)

ದೊಡ್ಡ ಲೆನ್ಸ್ ಇಲ್ಲದೆ ಆಗುತ್ತದೆಯೇ ಎಂದು ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು. ಆಗುತ್ತದೆ. ಮೊದಲ ವರ್ಷ ಒಂದು ಬೈನಾಕ್ಯುಲರ್, ಒಂದು ನೋಟ್‌ಬುಕ್. ಚಿತ್ರದ ಹುಚ್ಚಿನಲ್ಲಿ ನಾನು ಹಕ್ಕಿ ನೋಡುವುದನ್ನೇ ಮೂರು ವರ್ಷ ಮರೆತಿದ್ದೆ.

ಕಣ್ಣೂರು ಬಿಟ್ಟು ಬೇರೆಲ್ಲಿ ಎಂದು ಇನ್ನೊಬ್ಬರು. ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ ಹೋಗಿ. 2024ರಲ್ಲಿ ಅದು ಮಹತ್ವದ ಜೌಗುಭೂಮಿಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿ ಸೇರಿತು. ಇಳಿತದಲ್ಲಿ ಚಿಪ್ಪು ಆರಿಸುವ ಹೆಂಗಸರ ನಡುವೆಯೇ ಗೊರವಗಳು ಮೇಯುತ್ತವೆ, ಯಾರೂ ಯಾರಿಗೂ ಹೆದರುವುದಿಲ್ಲ. ಕಾವೇರಿ ಭಕ್ತರಿಗೆ ನನ್ನ ಇನ್ನೊಂದು ಸಲಹೆ: ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದ ವರ್ಷವೇ, ಜನವರಿಯಲ್ಲಿ ಕಾವೇರಿ ಮುಖಜ ಭೂಮಿಯ ದಕ್ಷಿಣದ ತುದಿ ಕೋಡಿಯಕ್ಕರೈಗೂ ಹೋಗಿ. ತಾಯಿ ಕೊಡಗಿನಿಂದ ಹೊತ್ತು ತಂದ ಮಣ್ಣು ಅಲ್ಲಿ ಕೆಸರಾಗಿ ಹರಡಿ ಸಾವಿರಗಟ್ಟಲೆ ಹಕ್ಕಿಗೆ ಊಟ ಹಾಕುವುದನ್ನು ನೋಡಬಹುದು. ಆದರೆ ಅದು ಪೂರ್ವ ಕರಾವಳಿ, ಅಲ್ಲಿ ಬೆಳಕಿನ ಲೆಕ್ಕ ಉಲ್ಟಾ. ಬೆಳಗಿನ ಸೂರ್ಯ ಕಡಲಿನಿಂದ ಬರುತ್ತಾನೆ.

ಬಾಗಿಲಲ್ಲಿ ತಡೆದ ಹಿರಿಯರು ಕೊನೆಗೆ ಎದ್ದು, ಸ್ನೈಪ್ ಮಾಂಸ ನೀನು ತಿಂದಿದ್ದೀಯಾ ಎಂದು ಕೇಳಿದರು. ಇಲ್ಲ, ನಾನು ಹುಟ್ಟಿದ್ದೇ ಕಾಯ್ದೆ ಬಂದ ಮೇಲೆ ಅಂದೆ. "ಹಾಗಾದರೆ ನಿನಗೆ ಅರ್ಧ ವಿಷಯ ಗೊತ್ತಿಲ್ಲ" ಅಂದು ಕೂತರು. ಮತ್ತೆ ಎದ್ದು, ಮುಂದಿನ ಸಲ ಕಡಲಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗು, ಕೋವಿ ತರುವುದಿಲ್ಲ ಅಂದರು.

ಹಾಗಾಗಿ ತೀರ್ಮಾನ ಇಷ್ಟು. ಪುತ್ತರಿ ಕಳೆದು ಒಂದು ವಾರ ಬಿಟ್ಟು, ಬೆಳಗ್ಗೆ ನೀರು ಏರುವ ದಿನ ನೋಡಿ ತಿಳಿಸುತ್ತೇನೆ. ನಸುಕಿನ ಮೂರೂವರೆಗೆ ಇಲ್ಲಿಂದ ಹೊರಡುವುದು, ಮಾಕುಟ್ಟದಲ್ಲಿ ಮಂಜು ಇರುತ್ತದೆ, ಜೋರಾಗಿ ಓಡಿಸುವವರು ನನ್ನ ಜೊತೆ ಬರಬೇಡಿ. ಜೀಪುಗಳನ್ನು ತೆಂಗಿನ ತೋಪಿನ ಹತ್ತಿರವೇ ನಿಲ್ಲಿಸುವುದು. ಬಿಳಿ ಅಂಗಿ ಬೇಡ, ಮಾಸಿದ ಬಟ್ಟೆ ಹಾಕಿ. ತವ ತರುವವರು ಮನೆಯಲ್ಲಿ ಕೇಳಿಯೇ ತನ್ನಿ. ಹಿಂದಿನ ಸಲ ಕೇಳದೆ ತಂದವರೊಬ್ಬರಿಗೆ ಮರುದಿನ ಅಕ್ಕಿ ರೊಟ್ಟಿಯಲ್ಲಿ ಮರಳು ಸಿಕ್ಕಿತು.